ಎಲ್ಲರ ದನಿ ಹೊರುವ ಮೈಕಕ್ಕ

‘ಇವತ್ತೊಂದು ದಿನ ಬೇರೆ ಯಾರನ್ನಾದರೂ ಕಳಿಸಬೇಕಿತ್ತೇನೋ.’ ಇನ್ನೂ ನಸುಕು. ಸಭಾಭವನದ ಮೆಟ್ಟಿಲ ಮೇಲೆ ಸ್ಪೀಕರ್ ಪೆಟ್ಟಿಗೆ ಇಳಿಸುತ್ತ ಮೈಕಕ್ಕ ತನ್ನೊಳಗೇ ಅಂದುಕೊಳ್ಳುತ್ತಾಳೆ. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ ಗಂಡನ ಮುಂದೂ ಬಾಯಿಬಿಟ್ಟಿಲ್ಲ.

ಇಂದು ಇಲ್ಲಿ ಅಹವಾಲು ಸಭೆ. ಮಳೆಗಾಲ ಬಂತೆಂದರೆ ಹೊಳೆ ಉಕ್ಕಿ ಕೆಳಗಿನ ಪೇಟೆಗೆ ನುಗ್ಗುತ್ತದೆ. ಅದನ್ನು ತಡೆಯಲು ಮೇಲಿನ ಹಳ್ಳಿಗಳ ಜಮೀನು ತೆಗೆದುಕೊಂಡು ಜಲಾಶಯ ಕಟ್ಟುವ ಯೋಜನೆ. ಗುರುತು ಹಾಕಿದ ಜಮೀನಿನಲ್ಲಿ ಮೈಕಕ್ಕನ ಹೊಲವೂ ಸೇರಿದೆ.

ಸಭೆ, ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ ಮಾವ ಹಾಸಿಗೆ ಹಿಡಿದಾಗ ಆಂಪ್ಲಿಫೈಯರ್ ಮೂಲೆ ಸೇರುವುದರಲ್ಲಿತ್ತು; ಸೊಸೆ ಎತ್ತಿಕೊಂಡಳು. ‘ಹೆಂಗಸು ಕಂಬ ಹತ್ತುತ್ತಾಳಂತೆ’ ಎಂದು ನಕ್ಕವರ ಮನೆಯ ಮದುವೆಗೂ ಇವಳೇ ಹತ್ತಿ ವಯರು ಎಳೆದಳು. ಈಗ ವರ್ಷಕ್ಕೆ ನೂರಕ್ಕೂ ಹೆಚ್ಚು ಸಭೆ. “ನಂದು ಮಾತಾಡೋ ಬಾಯಿ, ಇವಳದು ಮಾತಾಡಿಸೋ ಕೈ” ಎಂದು ಗಂಡ ಹೆಮ್ಮೆಪಟ್ಟರೆ, “ನಿಮ್ಮನ್ನ ನಿಲ್ಲಿಸೋ ಗುಂಡಿ ಮಾತ್ರ ಯಾವ ಅಂಗಡೀಲೂ ಸಿಗಲಿಲ್ಲ” ಎನ್ನುತ್ತಾಳೆ.

ಹಲೋ ಹಲೋ ಎಂದು ಪರೀಕ್ಷಿಸುವ ಅಭ್ಯಾಸ ಇವಳಿಗಿಲ್ಲ. ಗಂಡನ ಕೈಗೆ ಪತ್ರಿಕೆ ಕೊಟ್ಟು ಮೆಲ್ಲಗೆ ಓದಿಸಿ, ತಾನು ಕೊನೆಯ ಬೆಂಚಿನಲ್ಲಿ ಕೂತು ಕೇಳುತ್ತಾಳೆ. “ಮುಂದಿನ ಸಾಲಿಗೆ ಹೇಗಿದ್ರೂ ಕೇಳುತ್ತೆ. ಗಟ್ಟಿ ಗಂಟಲಿನವರಿಗೆ ಇಳಿಸೋದು, ಅಂಜೋರಿಗೆ ಏರಿಸೋದು. ನನ್ನ ವಿದ್ಯೆ ಇಷ್ಟೇ.”

ಸಭೆ ತುಂಬುವ ಹೊತ್ತಿಗೆ ಅವಳ ಊರಿನ ಹಿರಿಯರೊಬ್ಬರು ಆಂಪ್ಲಿಫೈಯರ್ ಇಟ್ಟು ಅವಳು ಕೂತ ಮೇಜಿನ ಬಳಿ ಬಗ್ಗುತ್ತಾರೆ. “ನಮ್ಮ ಮನೆಮಗಳಲ್ವೇನವ್ವಾ? ಪೇಟೆಯವರ ಸರದೀಲಿ ಒಂಚೂರು ಇಳಿಸು.”

“ಮೈಕಿಗೆ ಊರಿಲ್ಲ, ದೊಡ್ಡಪ್ಪ.”

“ನಾಳೆ ನಿನಗೂ ಇರಲ್ಲ, ನೋಡ್ತಿರು!”

ಅವಳು ನಗುವುದಿಲ್ಲ. ಹಳ್ಳಿಯವರು ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಕೊನೆಯ ಬೆಂಚಿಗೂ ಪ್ರತಿ ಮಾತು ಮುಟ್ಟುತ್ತದೆ. ಆಮೇಲೆ ಪೇಟೆಯ ಹೊಲಿಗೆಯಮ್ಮ ಎದ್ದು ಬರುತ್ತಾಳೆ. ಸಣ್ಣ ದನಿ. ನೀರು ನುಗ್ಗಿದ ದಿನ ಬಾಣಂತಿ ಮಗಳನ್ನು, ಕೂಸನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿ, ತಾನು ಎದೆಮಟ್ಟದ ನೀರಿನಲ್ಲಿ ಆ ಮೇಜನ್ನು ಹಿಡಿದು ನಿಂತಿದ್ದನ್ನು ಹೇಳುತ್ತಿದ್ದಾಳೆ.

“ಕೇಳಿಸ್ತಿಲ್ಲ!” ಹಿಂದಿನಿಂದ ಯಾರೋ ಕೂಗುತ್ತಾರೆ. “ಮೈಕಕ್ಕಾ, ನಿದ್ದೆ ಬಂತಾ?”

ಮೈಕಕ್ಕ ಕೆಳಗೆ ನೋಡುತ್ತಾಳೆ. ಬೆರಳು ಗುಂಡಿಯ ಮೇಲಿದೆ. ಏರಿಸಬೇಕಾದ ದನಿಯನ್ನು ಕೈ ತಾನಾಗಿಯೇ ಇಳಿಸಿಬಿಟ್ಟಿದೆ.

“ಏನಮ್ಮಾ, ವಯರ್ ಲೂಸಾ?” ವೇದಿಕೆಯಿಂದ ಅಧಿಕಾರಿ ಕೇಳುತ್ತಾರೆ.

ಹೂಂ ಅಂದರೆ ಮುಗಿಯಿತು. ದೊಡ್ಡಪ್ಪ ಅಲ್ಲಿಂದಲೇ ಹೂಂ ಅನ್ನು ಎಂಬಂತೆ ತಲೆಯಾಡಿಸುತ್ತಿದ್ದಾರೆ. ಮೈಕಕ್ಕ ಗುಂಡಿಯನ್ನು ಪೂರಾ ಏರಿಸಿ, ಎದ್ದು ಹೊಲಿಗೆಯಮ್ಮನ ಬಳಿ ಹೋಗುತ್ತಾಳೆ. ಇಷ್ಟು ವರ್ಷ ಬೇರೆಯವರ ಬಾಯಿಗೆ ಹಿಡಿದ ಮೈಕನ್ನು ಮೊದಲ ಸಲ ತನ್ನ ಬಾಯಿಗೆ ಹಿಡಿಯುತ್ತಾಳೆ.

“ವಯರ್ ಸರಿ ಇದೆ ಸಾರ್, ನಾನೇ ಇಳಿಸಿದ್ದು. ಜಲಾಶಯದ ನೀರಲ್ಲಿ ಮುಳುಗೋ ಹೊಲ ನಂದೂ ಇದೆ. ಅಮ್ಮಾ, ನೀವು ಮೊದಲಿಂದ ಹೇಳಿ.”