ಲಾರಿ ನಂಬರಿನ ಪಟ್ಟಿ

ಅದಿರಿನ ಭರಾಟೆಯ ಕಾಲದಲ್ಲಿ ಬಳ್ಳಾರಿಯ ಒಂದು ಲಾರಿ ಆಫೀಸಿಗೆ ನಾನು ಲಾರಿ ಹುಡುಕುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಪರದೆಯ ಎಡಗಡೆ ಊರು, ಗಾಲಿಗಳ ಸಂಖ್ಯೆ, ಮಾಲೀಕರು ಅಂತ ಪಟ್ಟಿಗಳು. ಕುರುಗೋಡು ಒತ್ತಿದರೆ ಅಲ್ಲಿನ ಲಾರಿಗಳಷ್ಟೇ ಉಳಿದು, ಪ್ರತಿ ಪಟ್ಟಿಯಲ್ಲೂ ಒಂದೊಂದು ಹೆಸರಿನ ಮುಂದೆ ಎಷ್ಟು ಲಾರಿ ಎಂಬ ಲೆಕ್ಕ ಹೊಸದಾಗಿ ಬರಬೇಕು. ಅದು ಬರುವಷ್ಟರಲ್ಲಿ ಚಹಾ ಕುಡಿದು ಮುಗಿಸಬಹುದಿತ್ತು.

ತಡಕ್ಕೆ ಕಾರಣ ಮ್ಯಾನೇಜರ್ ರಾಯರು ಹಟ ಹಿಡಿದು ಹಾಕಿಸಿದ್ದ ಲಾರಿ ನಂಬರಿನ ಪಟ್ಟಿ. ಸಾವಿರಾರು ನಂಬರು, ಕಣ್ಣಿಗೆ ಬಿದ್ದ ಪ್ರತಿಯೊಂದರ ಮುಂದೂ ‘ಒಂದು’.

“ಸರ್, ಒಂದು ನಂಬರಿಗೆ ಒಂದೇ ಲಾರಿ ಇರತೈತಲ್ರಿ. ಅದನ್ನ ಎಣಿಸಿ ಎಣಿಸಿ ಕಂಪ್ಯೂಟರ್ ಸಾಯಾಕ ಹತ್ತೈತಿ. ತೆಗೀತೀನ್ರಿ.”

“ಏನೂ ತೆಗೀಬ್ಯಾಡ್ರಿ. ಧಣಿಗೆ ಎಲ್ಲಾ ಕಾಣಬೇಕು. ನಿಮ್ಮ ಮಷಿನ್ ಜೋರು ಮಾಡ್ರಿ.”

ಊರುಗಳ ಲೆಕ್ಕವನ್ನು ಮೊದಲೇ ಕೂಡಿಸಿಟ್ಟೆ, ಮೆಮೊರಿ ಹೆಚ್ಚಿಸಿದೆ. ನಂಬರಿನ ಪಟ್ಟಿ ಜಗ್ಗಲಿಲ್ಲ. ಕೊನೆಗೆ ತಲೆ ಕೆಟ್ಟು, ಎಲ್ಲವೂ ಒಂದೇ ಅಂತ ರಾಯರಿಗೆ ತೋರಿಸಲೆಂದೇ, ಹೆಚ್ಚು ಲಾರಿ ಇರುವ ನಂಬರು ಮೇಲೆ ಬರುವಂತೆ ಜೋಡಿಸಿದೆ.

ಮೊದಲ ನಂಬರಿನ ಮುಂದೆ ‘ಎರಡು’ ಅಂತ ಬಂತು. ಅದರ ಕೆಳಗೂ ಎರಡು. ಒತ್ತಿ ನೋಡಿದರೆ ಒಂದು ಲಾರಿ ಸಿರುಗುಪ್ಪದ್ದು, ಇನ್ನೊಂದು ಕುರುಗೋಡಿನದು. ಡ್ರೈವರುಗಳು ಬೇರೆ, ಆ ಹೊತ್ತಿಗೆ ಎರಡೂ ಅದಿರು ಹೊತ್ತು ರೋಡಿನಲ್ಲಿದ್ದವು. ನಂಬರು ಮಾತ್ರ ಒಂದೇ.

“ಸರ್, ಇದು ಟೈಪಿಂಗ್ ತಪ್ಪೇನ್ರಿ?” ಎಂದೆ.

ರಾಯರು ಕನ್ನಡಕ ಏರಿಸಿ ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ನೀವು ಹೇಳಿದ್ದು ಖರೇ ಐತ್ರಿ. ಈ ಪಟ್ಟಿಯಿಂದ ಭಾಳ ತಡ ಆಗತೈತಿ. ಈಗಿಂದೀಗ ತೆಗೀರಿ.”

ತೆಗೆದೆ. ಹುಡುಕಾಟ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯತೊಡಗಿತು. ಇಷ್ಟು ವೇಗ ತಂದುಕೊಟ್ಟಿದ್ದಕ್ಕೆಂದು ರಾಯರು ನನಗೆ ಎಲ್ಲರೆದುರು ಶಾಲು ಹೊದಿಸಿದರು, ಅದೂ ಬಳ್ಳಾರಿಯ ಬೇಸಿಗೆಯಲ್ಲಿ.