ಕಂಪನಿಯ ನೆಲುವು

ಫ್ರಿಜ್ಜಿನ ಬಾಗಿಲು ತೆರೆದೆ. ಒಳಗೆ ತಾನಾಗಿಯೇ ದೀಪ ಹತ್ತಿತು. ಆ ಬೆಳಕಿನಲ್ಲಿ ಒಂದು ಮೀನು ನನ್ನನ್ನೇ ನೋಡುತ್ತ ಮಲಗಿತ್ತು. ಅಂಗೈಗಿಂತ ಅಗಲವಾದ, ಬೆಳ್ಳಗೆ ಹೊಳೆಯುವ ಪಾಪ್ಲೆಟ್. ಪ್ಲಾಸ್ಟಿಕ್ ಚೀಲದಿಂದ ತಲೆ ಹೊರಗೆ ಹಾಕಿ ನನ್ನ ಡಬ್ಬಿಗೇ ಒರಗಿಕೊಂಡಿತ್ತು. ನಾನು ಕಿರುಚಿದ್ದು ಗೇಟಿನ ವಾಚ್‌ಮನ್‌ಗೂ ಕೇಳಿಸಿತಂತೆ.

"ಅಗ, ಮೇಲೇಲಾ ಆಹೆ ತೋ! ಘಾಬರ್ತೇಸ್ ಕಾಯ್?" ಎಂದು ಸಾವಂತಬಾಯಿ ತಮ್ಮ ಮೇಜಿನಿಂದಲೇ ಕೂಗಿದರು. ಅದು ಸತ್ತಿದೆ, ಹೆದರುತ್ತೀ ಯಾಕೆ ಎಂದರ್ಥ. ಅಷ್ಟು ಮರಾಠಿ ನನಗೂ ತಿಳಿಯುತ್ತಿತ್ತು. ಸತ್ತಿದೆ ಎಂಬುದೇ ನನ್ನ ತಕರಾರು ಎಂದು ಹೇಳುವಷ್ಟು ಮರಾಠಿ ಮಾತ್ರ ಬರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಮದುವೆಯಾಗಿ ಗದಗದಿಂದ ಮರಾಠಿ ಸೀಮೆಯ ಠಾಣೆ ಊರಿಗೆ ಬಂದು, ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಬಡಾವಣೆಯ ಒಂದು ಬಣ್ಣದ ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಫ್ರಿಜ್ಜನ್ನು ನಾನು ಕೈಯಿಂದ ಮುಟ್ಟಿದ್ದೇ ಅಲ್ಲಿ. ಬಂದ ಗಿರಾಕಿಗಳಿಗೆ ತಂಪು ಪಾನೀಯ ಕೊಡಲೆಂದು ಸಾಹೇಬರು ಅದನ್ನು ತರಿಸಿದ್ದರು. ಮೇಲಿನ ಹಲಗೆ ಬಾಟಲಿಗಳದು, ಉಳಿದ ಜಾಗವೆಲ್ಲ ನಮ್ಮದು. ಲೆಕ್ಕಪತ್ರ ನೋಡುವ ಸಾವಂತಬಾಯಿ ಡೊಂಬಿವಲಿಯಿಂದ ರೈಲಿನಲ್ಲಿ ಬರುತ್ತಿದ್ದರು. ಡೊಂಬಿವಲಿಯ ಮೀನಿಗೆ ರುಚಿಯಿಲ್ಲ ಎಂಬುದು ಅವರ ಸಿದ್ಧಾಂತ. ಹಾಗಾಗಿ ಬೆಳಿಗ್ಗೆ ಠಾಣೆಯಲ್ಲಿ ಇಳಿದು ಮೀನು ಕೊಂಡು, ದಿನವಿಡೀ ಫ್ರಿಜ್ಜಿನಲ್ಲಿ ಮಲಗಿಸಿ, ಸಂಜೆ ಮನೆಗೆ ಒಯ್ಯುವರು. ನಮ್ಮ ಓಣಿಯಲ್ಲಿ ಮೊಟ್ಟೆಯ ಹೆಸರನ್ನೂ ಪಿಸುಮಾತಿನಲ್ಲಿ ಹೇಳುತ್ತಿದ್ದೆವು. ಇಲ್ಲಿ ನನ್ನ ಡಬ್ಬಿಗೆ ಮೀನು ನೆರೆಹೊರೆಯಾಗಿತ್ತು.

ಹಾಗಾದರೆ ಆ ಫ್ರಿಜ್ಜಿನ ಗೊಡವೆಯೇ ನನಗೇಕೆ ಬೇಕಿತ್ತು? ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುವವರಿಗೆ ಫ್ರಿಜ್ಜು ಯಾತಕ್ಕೆ? ರೊಟ್ಟಿ ತಿಂಗಳಾದರೂ ಜಗ್ಗುವುದಿಲ್ಲ. ನನ್ನ ಚಿಂತೆಯೆಲ್ಲ ಮೊಸರಿನದು.

ಗದಗದ ಮನೆಯಲ್ಲಿ ಅಡಿಗೆಮನೆಯ ಜಂತಿಯಿಂದ ನೆಲುವು ತೂಗುತ್ತಿತ್ತು. ಮೊಸರಿನ ಗಡಿಗೆ ಅದರಲ್ಲಿ, ಬೆಕ್ಕು ಅದರ ಕೆಳಗೆ. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ. ವರ್ತಕ ನಗರದಲ್ಲಿ ನಮಗೆ ಸಿಕ್ಕಿದ್ದು ಒಂದೇ ಕೋಣೆ. ಅದೇ ಅಡಿಗೆಮನೆ, ಅದೇ ದೇವರಮನೆ, ನಮ್ಮವರು ಪೇಪರ್ ಓದುವ ಪಡಸಾಲೆಯೂ ಅದೇ. ಸೂರಿಗೆ ಕೊಂಡಿ ಹೊಡೆಯಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು ಮಾಲಕಿಣಬಾಯಿಯ, ಅಂದರೆ ಮನೆಯೊಡತಿಯ ಕಟ್ಟಪ್ಪಣೆ. ಅವರ ಬೆಕ್ಕಿಗೆ ಮಾತ್ರ ಯಾವ ಕಟ್ಟಳೆಯೂ ಇರಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದೊಡನೆ ಕಿಟಕಿಯ ಸರಳುಗಳ ನಡುವಿನಿಂದ ಒಳಗೆ ಬಂದು ಪಾತ್ರೆ ಮಗುಚಿ, ನೆಲ ಸಹ ನೆಕ್ಕಿ ಹೋಗುತ್ತಿತ್ತು.

ಬರೀ ಮೊಸರಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಅದು ನಮ್ಮ ಅತ್ತೆಯ ಹೆಪ್ಪಿನ ಮೊಸರು. ನಾನು ಹೊರಟಾಗ ಅವರು ಬಿಳಿ ಅರಿವೆಯ ತುಂಡೊಂದನ್ನು ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮೇಲೆ ಇಟ್ಟಿದ್ದರು.

"ಠಾಣಾ ಮುಟ್ಟಿದ ಕೂಡಲೆ ಬೆಚ್ಚಗಿನ ಹಾಲಾಗ ಹಾಕು," ಎಂದಿದ್ದರು. "ನಮ್ಮತ್ಯಾ ನನಗ ಕೊಟ್ಟ ಹೆಪ್ಪದು. ಅಂಗಡಿ ಹೆಪ್ಪು ನಮ್ಮನಿ ಹೊಸ್ತಿಲಾ ದಾಟಿಲ್ಲ. ಇದನ್ನ ಕೆಡಿಸಬ್ಯಾಡವಾ."

ನಮ್ಮತ್ತೆ ಮಡಿಯ ಹೆಂಗಸು. ಅವರು ಅಡಿಗೆಗೆ ನಿಂತರೆ ಗಾಳಿಯೂ ಕೇಳಿ ಒಳಗೆ ಬರಬೇಕು. ಅಂಥವರ ಹೆಪ್ಪು ಠಾಣೆಯ ಬೆಕ್ಕಿನ ಪಾಲಾಗುವುದನ್ನು ನೆನೆದರೆ ಟೈಪಿಂಗಿನಲ್ಲಿ ಅಕ್ಷರ ತಪ್ಪುತ್ತಿತ್ತು. ಕಡೆಗೊಂದು ದಿನ ಪಾತ್ರೆಯ ತಳದಲ್ಲಿ ಎರಡು ಚಮಚ ಮಾತ್ರ ಉಳಿದಾಗ, ಅದನ್ನು ಡಬ್ಬಿಗೆ ಬಳಿದುಕೊಂಡು ಆಫೀಸಿಗೆ ಓಡಿದೆ. ಬೆಕ್ಕಿಲ್ಲ, ಸೆಕೆಯಿಲ್ಲ, ಬಾಗಿಲು ಗಟ್ಟಿ. ಇದಕ್ಕಿಂತ ಒಳ್ಳೆಯ ನೆಲುವು ಎಲ್ಲಿ ಸಿಗಬೇಕು ಎಂದುಕೊಂಡೆ.

ಸಂಜೆ ಹೊರಡುವ ಮುಂಚೆ ಚಹಾದ ಒಲೆಯ ಮೇಲೆ ಹಾಲು ಬೆಚ್ಚಗೆ ಮಾಡಿ, ಒಂದು ಚಮಚ ಹೆಪ್ಪು ಹಾಕಿ, ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟೆ. ಉಳಿದ ಚಮಚ ಬಟ್ಟಲಿನಲ್ಲಿ ಅದರ ಪಕ್ಕದಲ್ಲಿ. ಬೆಳಿಗ್ಗೆ ಬಂದು ಮುಚ್ಚಳ ತೆಗೆದರೆ ಹಾಲು! ಹಾಗೇ ಬಿಟ್ಟರೆ ಮರುದಿನವೂ ಹಾಲು. ನನ್ನ ಸಿಟ್ಟು ನೆತ್ತಿಗೇರಿತು. ಯಾರೋ ರಾತ್ರಿ ಪಾಳಿಯವರು ಮೊಸರು ತಿಂದು ಹಾಲು ತುಂಬಿಡುತ್ತಿದ್ದಾರೆ ಎಂದು ನಿರ್ಧರಿಸಿ ಶೆಟ್ಟರ ಬಳಿ ದೂರು ಒಯ್ದೆ. ಸ್ಟೋರ್ ನೋಡಿಕೊಳ್ಳುವ ಶೆಟ್ಟರು ಕಾರ್ಕಳದ ಕಡೆಯವರು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದ ಇನ್ನೊಂದೇ ಜೀವ.

"ಮೊಸರು ಕದ್ದು ಹಾಲು ಇಟ್ಟು ಹೋಗುವ ಕಳ್ಳನಾ?" ಎಂದರು ಶೆಟ್ಟರು. "ಎಂಥ ಒಳ್ಳೆ ಮನುಷ್ಯ ಮಾರಾಯ್ರೆ! ಅವನ ವಿಳಾಸ ಸಿಕ್ಕಿದ್ರೆ ನಮ್ಮ ಮನೆಗೂ ಕಳಿಸಿ."

ಆಗ ನನ್ನ ಸಂಶಯ ಮೀನಿನ ಮೇಲೆ ಹೋಯಿತು. ಹೆಪ್ಪು ಬಲು ಸೂಕ್ಷ್ಮ, ಕೆಟ್ಟ ದೃಷ್ಟಿ ಬಿದ್ದರೆ ಕೂಡುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಇಲ್ಲಿ ದಿನವಿಡೀ ರೆಪ್ಪೆ ಮಿಟುಕಿಸದೆ ನೋಡುವ ಕಣ್ಣು ಪಕ್ಕದಲ್ಲೇ ಇತ್ತಲ್ಲ! ನನ್ನ ಹಾಲಿನ ಮೇಲೆ ಮೀನಿನ ದೃಷ್ಟಿ ಬೀಳುತ್ತಿದೆ ಎಂದು ಶೆಟ್ಟರ ಮೂಲಕ ಸಾವಂತಬಾಯಿಗೆ ತಿಳಿಸಿದೆ. ಶೆಟ್ಟರು ಅದನ್ನು ನಗದೆ ಮರಾಠಿಗೆ ತಂದದ್ದು ದೊಡ್ಡ ಉಪಕಾರ. ಸಾವಂತಬಾಯಿ ಎದ್ದು ಹೋಗಿ, ಪಾಪ್ಲೆಟ್ಟಿನ ತಲೆಗೆ ಪೇಪರಿನ ತುಂಡು ಹೊದಿಸಿದರು. ಹೊಸ ಸೊಸೆ ಸೆರಗು ಹೊದ್ದಂತೆ ಅದು ಮುಖ ಮುಚ್ಚಿಕೊಂಡು ಮಲಗಿತು. ಬೆಳಿಗ್ಗೆ ನೋಡಿದರೆ ಮತ್ತೆ ಹಾಲು.

ಅದೇ ವಾರ ನಮ್ಮವರು ಸಂಭ್ರಮದಿಂದ ಸುದ್ದಿ ತಂದರು: ದಸರೆಗೆ ಅವ್ವ ಬರುತ್ತಾಳೆ.

ಅಂದು ಟೈಪ್ ಮಾಡುತ್ತಿದ್ದ ಕಾಗದದ ಮೇಲೆಯೇ ನನ್ನ ಕಣ್ಣೀರು ಬಿತ್ತು. ನಿಜ ಹೇಳುತ್ತೇನೆ, ಅತ್ತೆಯ ಭಯ ಅರ್ಧ. ಊರಿನಿಂದ ತಂದಿದ್ದರಲ್ಲಿ ಬದುಕಿದ್ದದ್ದು ಅದೊಂದೇ, ಅದೂ ನನ್ನ ಕೈಯಲ್ಲಿ ಸತ್ತಿತಲ್ಲ ಎಂಬ ದುಃಖ ಇನ್ನರ್ಧ. ಸಾವಂತಬಾಯಿ ಬಂದು ಬೆನ್ನ ಮೇಲೆ ಕೈಯಿಟ್ಟರು. ಹರಕು ಮರಾಠಿಯಲ್ಲಿ ಎಲ್ಲ ಹೇಳಿದೆ. ಹೆಪ್ಪಿಗೆ ಅವರಲ್ಲಿ ವಿರ್ಜಣ ಎನ್ನುತ್ತಾರೆ. ಆ ಮಾತು ನಾನು ಕಲಿತದ್ದು ಅಂದೇ.

"ವಿರ್ಜಣ ಹಾಕಿ ಎಲ್ಲಿಟ್ಟೆ?" ಎಂದು ಮರಾಠಿಯಲ್ಲಿ ಕೇಳಿದರು.

"ಫ್ರಿಜ್ಜಿನಲ್ಲಿ."

ಸಾವಂತಬಾಯಿ ನಕ್ಕ ನಗೆಗೆ ಸಾಹೇಬರು ಕ್ಯಾಬಿನ್ನಿನಿಂದ ಹೊರಗೆ ಬಂದರು. "ಅಗ ವೇಡೇ!" ಎಂದರು ಸಾವಂತಬಾಯಿ, ಅಯ್ಯೋ ಹುಚ್ಚಿ ಎಂದು. ಥಂಡಿಯಲ್ಲಿ ಹಾಲು ಎಂದಾದರೂ ಹೆಪ್ಪಾಗುತ್ತದೆಯೇ? ಹೆಪ್ಪು ಸತ್ತಿಲ್ಲ, ಚಳಿಗೆ ಮುದುಡಿ ಮಲಗಿದೆ ಅಷ್ಟೆ ಎಂದು ಕೈಯಾಡಿಸಿ ತಿಳಿಸಿದರು. ನನಗೆ ನಾಚಿಕೆಯಾಯಿತು. ಗದಗದಲ್ಲಿ ಚಳಿಗಾಲಕ್ಕೆ ಗಡಿಗೆಗೆ ಕಂಬಳಿ ಸುತ್ತುತ್ತಿದ್ದವಳು ನಾನೇ. ಫ್ರಿಜ್ಜಿನ ದೀಪ ನೋಡಿ ಆ ಬುದ್ಧಿಯೆಲ್ಲ ಆರಿಹೋಗಿತ್ತು.

ಬಟ್ಟಲಿನಲ್ಲಿ ಉಳಿದಿದ್ದ ಆ ಒಂದು ಚಮಚವನ್ನು ಹೊಸ ಹಾಲಿಗೆ ಹಾಕಿ, ಸಾವಂತಬಾಯಿ ತಮ್ಮ ಕೈರುಮಾಲಿನ ಮಡಿಕೆ ಬಿಚ್ಚಿ ಡಬ್ಬಿಗೆ ಸುತ್ತಿದರು. ಆಮೇಲೆ ಫ್ರಿಜ್ಜಿನ ಒಳಗಿಡದೆ ಅದರ ಬೆನ್ನ ಹಿಂದೆ ಸರಿಸಿದರು. ಅಲ್ಲಿ ಕೈಯಿಟ್ಟು ನೋಡಿದೆ. ಬೆಚ್ಚಗೆ ಗಾಳಿ ಬರುತ್ತಿತ್ತು. ಬೆಳಿಗ್ಗೆ ಡಬ್ಬಿ ಬೋರಲು ಹಾಕಿದರೂ ಅಲುಗದ ಮೊಸರು! ಅಂದಿನಿಂದ ಹೆಪ್ಪು ಹಾಕುವುದು ಫ್ರಿಜ್ಜಿನ ಹಿಂದೆ, ಆದ ಮೊಸರು ಇಡುವುದು ಒಳಗೆ. ಒಂದು ಪಾಲು ಊಟಕ್ಕೆ, ಒಂದು ಪಾಲು ಹೆಪ್ಪಿಗೆ, ಒಂದು ಪಾಲು ಸಾವಂತಬಾಯಿಗೆ. ಮೀನಿನ ಜೊತೆ ಮೊಸರು ಅವರು ತಿನ್ನುವುದಿಲ್ಲ. ಮೀನಿಲ್ಲದ ಸೋಮವಾರ, ಗುರುವಾರ ನನ್ನ ಮೊಸರಿಗೆ ಮೀಸಲಾದವು.

ಅತ್ತೆ ಬಂದರು. ಒಂದು ತುತ್ತು ಉಂಡು, "ಥೇಟ್ ನಮ್ಮನೀದ," ಎಂದರು. ಅಷ್ಟಕ್ಕೇ ನಿಂತಿದ್ದರೆ ನಾನು ಗೆದ್ದಿದ್ದೆ. ಆದರೆ ಸೂರಿನತ್ತ ನೋಡಿ, "ನೆಲುವ ಇಲ್ಲಲ್ಲ, ಎಲ್ಲಿ ಇಡತೀ?" ಎಂದರು.

"ಕಂಪನ್ಯಾಗ ಅದ ರೀ ಅತ್ಯಾ, ನೆಲುವು," ಎಂದುಬಿಟ್ಟೆ.

"ಶನಿವಾರ ಕರಕೊಂಡ ಹೋಗಿ ತೋರಸು," ಎಂದು ನಮ್ಮವರು ಪೇಪರಿನ ಹಿಂದಿನಿಂದಲೇ ಉಪಕಾರ ಮಾಡಿದರು.

ನನಗೆ ಜ್ವರ ಬರುವುದೊಂದು ಬಾಕಿ. ಮೀನು ಕಂಡರೆ ಅತ್ತೆ ಮೊಸರು ಬಿಡುವುದಿರಲಿ, ನನ್ನ ಕೈಯ ನೀರು ಸಹ ಕುಡಿಯಲಾರರು. ಸಾವಂತಬಾಯಿಗೆ ಕೈಮುಗಿದು ಬೇಡಿಕೊಂಡೆ. ಶನಿವಾರ ಪಾಪ್ಲೆಟ್ ತರುವುದಿಲ್ಲ ಎಂದು ಅವರು ದೇವರಾಣೆ ಹಾಕಿದರು.

ಶನಿವಾರ ಅತ್ತೆ ತಾವೇ ಮುಂದಾಗಿ ಫ್ರಿಜ್ಜಿನ ಬಾಗಿಲು ಎಳೆದರು. ದೀಪ ಹತ್ತಿತು. ಸಾವಂತಬಾಯಿ ಮಾತು ಉಳಿಸಿಕೊಂಡಿದ್ದರು; ಪಾಪ್ಲೆಟ್ ಇರಲಿಲ್ಲ. ಅದರ ಜಾಗದಲ್ಲಿ ಬಂಗುಡೆ ಮೀನುಗಳು ಸಾಲಾಗಿ ಮಲಗಿ, ಎಲ್ಲವೂ ಒಟ್ಟಿಗೆ ಅತ್ತೆಯನ್ನು ನೋಡುತ್ತಿದ್ದವು.

"ಇವತ್ತು ತರ್ಬಾರ್ದು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ ಮಾರಾಯ್ರೆ!" ಎಂದರು ಹಿಂದಿನಿಂದ ಶೆಟ್ಟರು.

ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. ಮೀನು ನೋಡಿದರು. ಮೀನಿನ ಪಕ್ಕದ ಡಬ್ಬಿ ನೋಡಿದರು.

"ಇಲ್ಲಿ ಬೆಕ್ಕು ಬರೂದಿಲ್ಲೇನು?"

"ಇಲ್ರೀ ಅತ್ಯಾ."

"ಇಷ್ಟು ಇದನೆಲ್ಲಾ ಇಟ್ರೂ ಬರೂದಿಲ್ಲ?"

"ಬರೂದಿಲ್ರೀ."

"ಹಂಗಾದ್ರ ನಮ್ಮ ನೆಲುವಿಗಿಂತ ಛಲೋ ಅದ," ಎಂದು ಬಾಗಿಲು ಮುಚ್ಚಿದರು.

ಅತ್ತೆ ಅಲ್ಲಿಗೆ ಬಿಡದೆ, ಹೆಪ್ಪು ಎಲ್ಲಿ ಹಾಕುತ್ತೀ ಎಂದು ಕೇಳಿದರು. ಸಾವಂತಬಾಯಿ ಅವರ ಕೈಹಿಡಿದು ಫ್ರಿಜ್ಜಿನ ಹಿಂದೆ ಇಡಿಸಿದರು. ಬೆಚ್ಚಗಿನ ಗಾಳಿ ತಾಗಿದಾಗ ಅತ್ತೆಯ ಮುಖ ಸಡಿಲವಾಯಿತು. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು: "ಊರಾಗ ಹೆಪ್ಪು ಬಾಜೂ ಮನ್ಯಾಕಿ ಕಡೆ ಕೊಟ್ಟ ಬಂದೀನಿ. ಆಕೀದು ಭರೋಸಾ ಇಲ್ಲ. ಹೋಗೂಮುಂದ ನನಗೊಂದಿಷ್ಟು ಕೊಡವಾ. ಒಂದು ಬಿಳೇ ಅರಿವಿ ನೋಡು."

ಆಫೀಸಿನಲ್ಲಿ ಬಿಳಿ ಅರಿವೆ ಎಲ್ಲಿಂದ ತರಲಿ? ಸಾವಂತಬಾಯಿ ತಮ್ಮ ಬಿಳಿ ಕೈರುಮಾಲು ಚಾಚಿದರು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಒಗದದ್ದೇನು ಕೇಳು."

"ಧುತಲೇಲಾ ಆಹೆ, ಆಜೀ," ಎಂದರು ಸಾವಂತಬಾಯಿ, ನಾನು ಕೇಳುವ ಮೊದಲೇ. ಒಗೆದದ್ದೇ, ಅಜ್ಜಿ.

ಅತ್ತೆ ಎರಡು ಬೆರಳಿನಿಂದ ರುಮಾಲು ಹಿಡಿದು ಮೊಸರಿನಲ್ಲಿ ಅದ್ದಿದರು. ಕಲ್ಯಾಣ ಸ್ಟೇಷನ್ನಿನಲ್ಲಿ ಅವರನ್ನು ಊರಿನ ದಾರಿಯ ಸೊಲ್ಲಾಪುರದ ಗಾಡಿ ಹತ್ತಿಸುವಾಗ, ಟ್ರಂಕು ತೆರೆದಾಗ ನೋಡಿದೆ. ಅದು ಒಣಗಿ, ಮಡಿಕೆಯಾಗಿ, ಅವರ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮೇಲೆ ಕುಳಿತಿತ್ತು.

ಬಾಜೂ ಮನೆಯಾಕೆ ಹೆಪ್ಪನ್ನು ಕೆಡಿಸಿಯೇ ಇದ್ದಳು. ಬೇಸಿಗೆಗೆ ನಾನು ಗದಗಕ್ಕೆ ಹೋದಾಗ ಅತ್ತೆ ನೆಲುವಿನಿಂದ ಗಡಿಗೆ ಇಳಿಸಿ, ಬಂದವರಿಗೆಲ್ಲ ಬಡಿಸುತ್ತ, "ಠಾಣಾದ ಹೆಪ್ಪು ರೀ ಇದು, ನಮ್ಮ ಸೊಸೀದು," ಎನ್ನುತ್ತಿದ್ದರು. ಹೆಮ್ಮೆಯಾಯಿತು. ಜೊತೆಗೇ ಎಲ್ಲೋ ಚುಚ್ಚಿತು. ಠಾಣೆಯಲ್ಲಿ ಸಾವಂತಬಾಯಿ ಅದನ್ನು ಡೊಂಬಿವಲಿಯವರಿಗೆಲ್ಲ ಗದಗದ ಮೊಸರು ಎಂದು ಹಂಚುತ್ತಿದ್ದರು.

"ಇದು ನಿಮ್ಮದ ಹೆಪ್ಪಲ್ಲೇನ್ರೀ ಅತ್ಯಾ?" ಎಂದೆ.

"ನಮ್ಮದ ಖರೆ," ಎಂದರು. "ನೀನೂ ನಮ್ಮಾಕಿನ. ಆದ್ರ ಈಗ ಠಾಣಾದಾಕಿ ಅಲ್ಲೇನು?"

ಅನ್ನಕ್ಕೆ ಮೊಸರು ಕಲಸಿ ಉಂಡೆ.

ರಜೆ ಮುಗಿಸಿ ಆಫೀಸಿಗೆ ಬಂದ ದಿನ ಸಾವಂತಬಾಯಿ ತಲೆಯೆತ್ತಿ, "ಆಲೀಸ್ ಕಾ ಪರತ್?" ಎಂದರು, ಮರಳಿ ಬಂದೆಯಾ ಎಂದು. ಹೂಂ ಎಂದು ಫ್ರಿಜ್ಜಿನ ಬಾಗಿಲು ತೆರೆದೆ. ದೀಪ ಹತ್ತಿತು. ಪಾಪ್ಲೆಟ್ ಎಂದಿನಂತೆ ನನ್ನ ಜಾಗದಲ್ಲಿ ಕಾಲು ಚಾಚಿ ಮಲಗಿತ್ತು. ಒಂದು ಬೆರಳಿನಿಂದ ಅದನ್ನು ಆಚೆ ಸರಿಸಿ, ನನ್ನ ಡಬ್ಬಿ ಇಟ್ಟೆ.