ರಿವರ್ಸ್, ರಿಟರ್ನ್ ಮತ್ತು ಅಕ್ಕನ ಬಲಗೈ

ಬದಲಾಗುವುದು, ಮರಳುವುದು, ತಿರುಗುಮುರುಗಾಗುವುದು: ಇವನ್ನು ಹೇಳುವ ಇಂಗ್ಲಿಷ್ ಪದಗಳು ರಾಯಚೂರಿನಾಚೆಯ ನಮ್ಮ ಗಡಿಸೀಮೆಯ ಕನ್ನಡದಲ್ಲಿ ಹೇಗೆ ನೆಲೆಸಿವೆ ಎಂಬುದನ್ನು ನಿವೃತ್ತಿಯ ನಂತರ ಗಮನಿಸತೊಡಗಿದೆ. ಅದಕ್ಕೆ ಮಕ್ತಲದ ಬಸ್ ನಿಲ್ದಾಣವೇ ಸಾಕಾಗಿತ್ತು. ಬಸ್ಸು ಹಿಂದಕ್ಕೆ ಸರಿದರೆ ‘ರಿವರ್ಸ್’. ಇಳಿದ ಜ್ವರ ಮತ್ತೆ ಏರಿದರೂ ‘ರಿವರ್ಸ್ ಆತು’. ‘ರಿಟರ್ನ್’ ಊರಿಗೆ ಮರಳುವವರ ಮಾತು. ಗುಣ ಕಾಣದಿದ್ದರೆ ಡಾಕ್ಟರನ್ನು ‘ಚೇಂಜ್’ ಮಾಡುತ್ತಾರೆ. ಗೊತ್ತಾದ ಮದುವೆ ‘ಕ್ಯಾನ್ಸಲ್’ ಆಗುತ್ತದೆ. ಜಮೀನಿನ ಪಟ್ಟಾ ಮಾತ್ರ ನಿಜಾಮರ ಕಾಲದಂತೆಯೇ ಇಂದಿಗೂ ‘ರದ್ದು’ ಆಗುತ್ತದೆ. ಯಾವ ಪದ ಯಾವ ಕಾಲದಲ್ಲಿ ಬಂದಿತೆಂದು ಇಬ್ಬರು ಬೇರೆಬೇರೆಯಾಗಿ ಒಂದೇ ಮಾತು ಹೇಳುವವರೆಗೆ ನಾನು ನಂಬುತ್ತಿರಲಿಲ್ಲ.

ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಿದ್ದ ನನ್ನ ಅಕ್ಕನಿಗೆ ಈ ಅಭ್ಯಾಸ ನಗೆಯ ವಿಷಯವಾಗಿತ್ತು. ನಾರಾಯಣಪೇಟೆ ಜಿಲ್ಲೆಯಾದ ದಸರೆಯಲ್ಲಿಯೇ ಭಾವ ತೀರಿಕೊಂಡರೆಂದು ಆಕೆ ಹೇಳುತ್ತಿದ್ದಳು. ಆ ದಸರೆಗೆ, ಅಂದರೆ 2016ರಲ್ಲಿ, ಜಿಲ್ಲೆಯಾದದ್ದು ಗದ್ವಾಲ. ನಾರಾಯಣಪೇಟೆಯ ಸರದಿ ಬಂದದ್ದು 2019ರ ಫೆಬ್ರವರಿಯಲ್ಲಿ ಎಂದು ನಾನು ತಿದ್ದಿದೆ.

“ಗದ್ವಾಲ ಆದ್ರೇನು, ಪ್ಯಾಟಿ ಆದ್ರೇನು ತಮ್ಮಾ,” ಎಂದಳು. “ನಿನ್ನ ತಾರೀಖು ಸರಿ ಆದ್ರ, ಹೋದೋರು ಹೊಳ್ಳಿ ಬರ್ತಾರೇನು?”

ಹೋದ ವರ್ಷ ಅಕ್ಕನಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲುಗಳೂ ಉಳಿದವು. ಬಲಗೈ ಮಾತ್ರ ಹೋಯಿತು. ಗದ್ವಾಲಕ್ಕೆ ಕೊಟ್ಟ ಮಗಳು ಬಂದು ತಾಯಿಯ ಬಳಿಯೇ ನಿಂತಳು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿ, ವ್ಯಾಯಾಮ ಮಾಡಿಸಿದ ಬಳಿಕ ನಾವು ಮೂವರೂ ರಾಯಚೂರಿನ ಡಾಕ್ಟರರಲ್ಲಿಗೆ ಹೋದೆವು. ಅವರು ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಟ್ಟು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ‘ಇರ್ರಿವರ್ಸಿಬಲ್’ ಎಂದರು. ರಿವರ್ಸ್ ಎಂಬುದನ್ನು ಅಷ್ಟು ಕಡೆ ಕೇಳಿದ್ದ ನಾನು ಈ ಪದವನ್ನು ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಅಲ್ಲಿಯವರೆಗೆ ನಾನು ಗಮನಿಸಿದ್ದ ಪದಗಳೆಲ್ಲವೂ ಹೇಗೋ ಮರಳುವ ದಾರಿ ಉಳಿಸಿಕೊಂಡಂಥವು.

ಡಾಕ್ಟರು ಏನೆಂದರೆಂದು ಮರಳುವ ಬಸ್ಸಿನಲ್ಲಿ ಅಕ್ಕ ಕೇಳಿದಳು. ಕೈ ಇನ್ನು ಮೊದಲಿನಂತಾಗದು ಎಂದಿದ್ದಾರೆ ಎಂದು ಹೇಳಿದೆ. ಮಗಳು ಕಿಟಕಿಯ ಕಡೆ ಮುಖ ಮಾಡಿದಳು. ಬಸ್ಸು ಕೃಷ್ಣೆಯ ಸೇತುವೆ ದಾಟಿತು.

“ಸೀರಿ ಇನ್ನಾ ಮಗ್ಗದ ಮ್ಯಾಲ ಐತಲ್ಲೋ,” ಎಂದಳು ಅಕ್ಕ.

ನಾರಾಯಣಪೇಟೆಯಲ್ಲಿ ಒಂದೇ ಉದ್ದನೆಯ ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳಲ್ಲಿ, ಹಲವು ಸೀರೆಗಳನ್ನು ಸಾಲಾಗಿ ನೇಯುತ್ತಾರೆ. ಅಕ್ಕ ಬಿದ್ದಾಗ ಅವುಗಳಲ್ಲೊಂದು ಅರ್ಧಕ್ಕೆ ನಿಂತಿತ್ತು. ಪಕ್ಕದ ಮನೆಯ ನೇಕಾರರು ತಾವು ಮುಗಿಸಿಕೊಡುತ್ತೇವೆ ಎಂದರು. ಅಕ್ಕ ಒಪ್ಪಲಿಲ್ಲ. ಸೀರೆಯ ಮೈಯಲ್ಲಿ ಎಳೆ ಕೂರಿಸುವ ಪೆಟ್ಟು ಒಬ್ಬರ ಕೈಯದು ಮಾತ್ರ ಇರಬೇಕು, ಕೈ ಬದಲಾದರೆ ಅಲ್ಲೊಂದು ಗೆರೆ ಬೀಳುತ್ತದೆ ಎಂಬುದು ಆ ಓಣಿಯವರ ನಂಬಿಕೆ. ಎಡಗೈಯಿಂದಲೇ ಅಡ್ಡನೂಲು ಹೊತ್ತ ಲಾಳಿಯ ಹಗ್ಗ ಎಳೆದು, ಅದೇ ಕೈಯಿಂದ ಪೆಟ್ಟು ಹಾಕುತ್ತ ಆಕೆ ನೇಯತೊಡಗಿದಳು. ಮಕ್ತಲದಿಂದ ನಾನು ಹೋದ ದಿನ ಹೊಸ ನೇಯ್ಗೆ ಗೇಣುದ್ದವಾಗಿತ್ತು. ಕೆಳಗೆ ದೀಪ ಹಿಡಿದು ನೋಡಲು ಹೇಳಿದಳು.

“ಖರೇ ಹೇಳು. ನಾ ಬ್ಯಾಸರ ಮಾಡ್ಕೊಳಂಗಿಲ್ಲ.”

ಎಳೆಗಳ ನಡುವೆ ಬೆಳಕು ಹಾಯುತ್ತಿತ್ತು. ಹಳೆಯ ನೇಯ್ಗೆಯಲ್ಲಿ ಹಾಯುತ್ತಿರಲಿಲ್ಲ. ಸಡಿಲವಾಗಿದೆ ಎಂದೆ.

ಹಾಗಾದರೆ ಬಿಚ್ಚೋಣ ಎಂದು ನನ್ನನ್ನು ತನ್ನ ಬಲಗಡೆ ಕೂರಿಸಿಕೊಂಡಳು. ಬಿಚ್ಚುವಾಗ ನೇಯ್ದ ಕ್ರಮವನ್ನೇ ತಲೆಕೆಳಗು ಮಾಡಬೇಕು: ಕೊನೆಯಲ್ಲಿ ತುಳಿದ ಕಾಲುಹಲಗೆಯನ್ನು ಮೊದಲು ತುಳಿದು, ಲಾಳಿಯನ್ನು ಬಂದ ದಾರಿಯಲ್ಲೇ ಕಳಿಸಿ, ನೂಲನ್ನು ಮತ್ತೆ ಸುತ್ತಿಕೊಳ್ಳಬೇಕು. ಆಕೆ ತುಳಿದಳು, ನಾನು ಲಾಳಿ ದಾಟಿಸಿದೆ, ಆಕೆ ಎಡಗೈಯಿಂದ ಹಿಡಿದಳು. ಎಳೆ ತುಂಡಾಗದಂತೆ ಎಳೆಯಲು ನನಗೆ ಬರುತ್ತಿರಲಿಲ್ಲ. ಇಷ್ಟು ಓದಿದವನಿಗೆ ಒಂದು ನೂಲು ಹಿಡಿಯುವುದನ್ನು ಯಾರೂ ಕಲಿಸಲಿಲ್ಲವೆ ಎಂದು ಚೇಷ್ಟೆ ಮಾಡಿದಳು. ಮಧ್ಯಾಹ್ನದವರೆಗೆ ನಾವಿಬ್ಬರೂ ಬಹುಶಃ ಬೇರೆ ಎಲ್ಲವನ್ನೂ ಮರೆತಿದ್ದೆವು.

ಹಳೆಯ ನೇಯ್ಗೆಯ ಅಂಚು ಬಂತು. ಅಕ್ಕ ಅದರ ಮೇಲೆ ಬೆರಳಾಡಿಸಿದಳು. ಮತ್ತೆ ನೇಯಲು ಲಾಳಿಗೆ ಕೈ ಚಾಚುವಳೆಂದು ಕಾದೆ.

“ಇಲ್ಲೀತನಕ ನಂದು,” ಎಂದು ಒಳಗಿದ್ದ ಮಗಳನ್ನು ಕರೆದಳು. “ಕೊಯ್ರಿ.”

ಉಳಿದ ಹಾಸನ್ನು ಪಕ್ಕದ ಮನೆಯವರಿಗೆ ಕೊಡುವುದೆಂದಾಯಿತು. ಹೀಗೆ ಕೊಯ್ಯುವಾಗ, ಎಳೆಗಳನ್ನು ಹಿಡಿದಿಡುವ ಹಣಿಗೆಯಲ್ಲಿ ಹಳೆಯ ಹಾಸಿನ ತುದಿಗಳನ್ನು ಗೇಣಷ್ಟು ಬಿಡುವುದು ರೂಢಿ. ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗಳಿಗೆ ಹೊಸೆದು ಕೂಡಿಸುತ್ತಾರೆ. ತುದಿ ಇರುವವರೆಗೆ ಮಗ್ಗ ಕಾಯುತ್ತಿದೆ ಎಂದೇ ಲೆಕ್ಕ. ಮಗಳು ಅರ್ಧ ಸೀರೆಯನ್ನು ಕೊಯ್ದು ಬಿಡಿಸಿ, ಹಣಿಗೆಯಲ್ಲುಳಿದ ತುದಿಗಳನ್ನು ಗಂಟು ಹಾಕಲು ಹೋದಳು. ಅಕ್ಕ ಅವನ್ನೂ ತೆಗೆದುಬಿಡಲು ಹೇಳಿದಳು.

“ಇರ್ಲಿ ಬಿಡಬೇ ಯವ್ವಾ, ಮುಂದ ನೋಡೋಣ. ಮಾಮಾ, ನೀವಾದ್ರೂ ಹೇಳ್ರಿ.”



“ಅವು ಕಾಣ್ತಿದ್ರ ನಾ ದಿನಾ ಬಂದು ಕೂಡ್ತೀನಿ, ಮಗಳ,” ಎಂದಳು ಅಕ್ಕ. “ತೆಗಿ.”

ಮಗಳು ಹಿಡಿಹಿಡಿಯಾಗಿ ಎಳೆದಳು. ನೂಲು ಸರಸರನೆ ಜಾರಿ ಬಂತು. ಹಣಿಗೆಯ ಕಡ್ಡಿಗಳ ನಡುವಿನಿಂದ ಆಚೆಯ ಗೋಡೆ ಕಾಣತೊಡಗಿತು. ಅಕ್ಕ ಅರ್ಧ ಸೀರೆಯನ್ನು ಮಡಿಲಿಗೆಳೆದುಕೊಂಡು ಒಂದು ಕೈಯಿಂದ ಮಡಚಲು ನೋಡಿದಳು. ಇನ್ನೊಂದು ತುದಿಯನ್ನು ನಾನು ಹಿಡಿದೆ.